ಮೇಲಿನ ರಸ್ತೆ, ಕೆಳಗಿನ ರಸ್ತೆ

ಬೆಳಕು ಹರಿಯುವ ಹೊತ್ತು. ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಫೋನ್ ಹಿಡಿದು ಅತೀಯಾ ನಿಂತಿದ್ದಾರೆ. ಹತ್ತಿರದ ಆಂಬುಲೆನ್ಸ್ ಹುಡುಕಿ ರೋಗಿಯ ಬಳಿಗೆ ಕಳಿಸುವ ತಂತ್ರಾಂಶ ಇಂದು ಮಧ್ಯಾಹ್ನ ಆಸ್ಪತ್ರೆಗಳಿಗೆ ಹೋಗಬೇಕು. ಹೋಗಬಹುದು ಎಂದು ಹೇಳಬೇಕಾದವರು ಇವರೇ. ಪರದೆಯಲ್ಲಿ, ಪರೀಕ್ಷೆಗೆಂದು ಕರೆಸಿದ ಲಕ್ಕಣ್ಣನ ಆಂಬುಲೆನ್ಸ್ ವ್ಯಾನು ಇವರ ಕಾಲ ಬಳಿಯೇ ಇದೆ. ಸುತ್ತ ನೋಡಿದರೆ ವ್ಯಾನಿಲ್ಲ.

"ಎಲ್ಲಿದ್ದೀರಾ ಲಕ್ಕಣ್ಣ?"

"ನಿನ್ ತಲೆ ಮ್ಯಾಲೇ ಇವ್ನಿ ಕಣಮ್ಮೋ! ಇಂಗೇ ಕೆಳೀಕ್ ಆರ್‍ಬುಡ್ಲಾ?" ಹುಣಸಮಾರನಹಳ್ಳಿಯ ಈ ಚಾಲಕರ ನಗು ಫೋನಿನಲ್ಲಿ ಕೇಳುತ್ತದೆ.

ಅತೀಯಾ ನಗುವುದಿಲ್ಲ. ಸೇತುವೆ ಇಳಿದು ತಿರುಗಿ ಬರಲು ವ್ಯಾನು ಕೊಡಿಗೇಹಳ್ಳಿಯವರೆಗೂ ಹೋಗಬೇಕು. ಕೆಳಗೆ ಎದೆ ಹಿಡಿದು ಬಿದ್ದವರಿಗೆ ಅದು ಹತ್ತಿರವೇ ಅಲ್ಲ. ಬಾಗಿಲಲ್ಲಿ ನಿಂತು ಕಾದವರಿಗೆ ಒಂದೊಂದು ನಿಮಿಷದ ಭಾರವೂ ಗೊತ್ತು.

ಆರ್.ಟಿ. ನಗರದ ಅತೀಯಾ ಬಿ.ಕಾಂ. ಓದಿದವರು. ತಣಿಸಂದ್ರದ ಪುಟ್ಟ ಕಂಪನಿಯಲ್ಲಿ, ಯಾವ ತಂತ್ರಾಂಶವನ್ನು ಹೇಗೆ ಪರೀಕ್ಷಿಸಬೇಕೆಂದು ಯೋಜನೆ ಹಾಕುವುದು ಅವರ ಕೆಲಸ. ಒಂದಕ್ಕೆ ಹಾಕಿದ ಯೋಜನೆ ಇನ್ನೊಂದಕ್ಕೆ ಒಗ್ಗದು. ಶಾಲೆಯ ಶುಲ್ಕದ್ದಾದರೆ ಅವಸರದ ತಾಯಿಯಂತೆ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ. ರೋಗಿಯ ಹಾಸಿಗೆ ಪಕ್ಕದ ಎಚ್ಚರಿಕೆ ಗಂಟೆಯದಾದರೆ ಕರೆಂಟು ಕಿತ್ತು ನೋಡುತ್ತಾರೆ. "ಇದು ರಸ್ತೇಲಿ ಓಡೋದು. ಅದಕ್ಕೆ ರಸ್ತೆಗೇ ಬಂದೆ," ಎನ್ನುತ್ತಾರೆ. ಎಂದೂ ಕಾಣದ ರೋಗಿಗಾಗಿ ಇಷ್ಟು ಮುಂದಾಗಿ ಯೋಚಿಸುವ ಮನಸ್ಸನ್ನು ದೇವರೇ ಕೊಡಬೇಕು.

ಮ್ಯಾನೇಜರ್ ಜಯಂತ್‌ಗೆ ಫೋನ್ ಹೋಗುತ್ತದೆ.

"ಏನ್ರೀ ಅತೀಯಾ, ಆಫೀಸಲ್ಲಿ ಎಲ್ಲಾ ಪಾಸ್ ಆಗಿತ್ತಲ್ರೀ! ಆಸ್ಪತ್ರೆಯವ್ರಿಗೆ ಏನ್ ಹೇಳ್ಲಿ?"

"ಆಫೀಸಲ್ಲಿ ಫ್ಲೈಓವರ್ ಇಲ್ವಲ್ಲ ಸಾರ್. ಇವತ್ತು ಬೇಡ. ನನ್ನ ಹೆಸ್ರು ಹೇಳಿ."

"ಸರಿ, ನಿಲ್ಲಿಸ್ತೀನಿ. ಬೈಗುಳ ಮಾತ್ರ ನೀವೇ ತಿನ್ಬೇಕು."

ವಾಹನ ಎಲ್ಲಿದೆ ಎಂಬುದಷ್ಟೇ ಸಾಲದು, ಯಾವ ದಾರಿ ಹತ್ತಿ ಬಂತೆಂಬುದನ್ನೂ ನೆನಪಿಡಲಿ ಎಂದು ತಂತ್ರಾಂಶ ಬರೆಯುವವರಿಗೆ ಅತೀಯಾ ಹೇಳುತ್ತಾರೆ. ಮುಂದಿನ ವಾರ ಮತ್ತೆ ಅದೇ ಸೇತುವೆಯ ಕೆಳಗೆ ನಿಂತು, ಬಿಸ್ಮಿಲ್ಲಾ ಎಂದು ಫೋನ್ ತೆರೆಯುತ್ತಾರೆ. ಲಕ್ಕಣ್ಣ ಮೇಲೆ ಹಾದುಹೋಗುತ್ತಾರೆ. ಪರದೆ ಅವರನ್ನು ಬಿಟ್ಟು, ಕೆಳರಸ್ತೆಯಲ್ಲಿ ತುಸು ದೂರ ನಿಂತ ಇನ್ನೊಂದು ಆಂಬುಲೆನ್ಸನ್ನು ಆರಿಸುತ್ತದೆ.

"ನನ್ ಬುಟ್ಬುಟ್ಟು ಅವನ್ನ ಕರ್ದ್ಯೇನಮ್ಮಾ?" ಲಕ್ಕಣ್ಣನ ದೂರು.

ಅತೀಯಾ ಈಗ ನಗುತ್ತಾರೆ. "ಅದೇ ಬೇಕಾಗಿತ್ತು ಲಕ್ಕಣ್ಣ."

ನಿಮ್ಮ ಹೆಸರು ನಾಲ್ಕು ಜನಕ್ಕೆ ತಿಳಿಯಬೇಕೆಂಬ ಆಸೆಯಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. "ಒಳಗೆ ಒಬ್ರು ಉಸಿರಿಗೆ ಒದ್ದಾಡ್ತಿರುವಾಗ, ಬಾಗಿಲಲ್ಲಿ ನಿಂತವ್ರಿಗೆ ಸೈರನ್ ಕೇಳಿಸ್ಬೇಕು. ನಾನ್ಯಾರು ಅಂತ ಅವ್ರಿಗ್ಯಾಕೆ?"