ಹಾಡು ಹಾಕಿದಾಗ ಬಾರದ ಫ್ಯಾಕ್ಸ್

ಹೊಸನಗರದ ಬಸ್ ಸ್ಟ್ಯಾಂಡಿನ ಎದುರು ನಮ್ಮದೊಂದು ಎಸ್‌ಟಿಡಿ ಬೂತ್ ಇತ್ತು. ನಾನು ಓದಿದ್ದು ಏಳನೇ ಕ್ಲಾಸು. ತಂಗಿ ಪಿಯುಸಿ ಮುಗಿಸಿ, ಸಾಗರಕ್ಕೆ ದಿನಾ ಬಸ್ಸಲ್ಲಿ ಹೋಗಿ ಕಂಪ್ಯೂಟರ್ ಕಲಿತು ಬಂದಳು. ಅವಳ ಮಾತು ಕೇಳಿ ಹಳೆಯ ಕಂಪ್ಯೂಟರೊಂದನ್ನು ತಂದು ಬೂತಿನ ಮೂಲೆಗೆ ಕೂರಿಸಿದೆವು. ಅದಕ್ಕೆಂದೇ ಇನ್ನೊಂದು ಫೋನ್ ಲೈನನ್ನೂ ಹಾಕಿಸಿದೆವು. ಫ್ಯಾಕ್ಸ್ ಮಿಷನ್ ಬೇರೆ ಬೇಡ ಅಂದಳು. ಕಂಪ್ಯೂಟರಿನೊಳಗೆ ಮೋಡೆಮ್ ಕಾರ್ಡ್ ಇದೆ, ಇಂಟರ್‌ನೆಟ್ಟು, ಫ್ಯಾಕ್ಸು ಎರಡೂ ಅದರಿಂದಲೇ ಆಗುತ್ತದೆ, ಫೋನ್ ಬಂದರೆ ಅದೇ ಎತ್ತಿ ಮಾತನ್ನೂ ಹಿಡಿದಿಡುತ್ತದೆ ಅಂದಳು. ಮೂರೂ ಕೆಲಸವನ್ನು ಒಂದೇ ತಂತಿ ಮಾಡುತ್ತದೆ ಅಂದಾಗಲೇ ನನಗೆ ಅದರ ಮೇಲಿನ ನಂಬಿಕೆ ಹೋಯಿತು.

ದಿನಾ ಹತ್ತು ಗಂಟೆಯ ಹೊತ್ತಿಗೆ ಸಾಗರದ ಒಂದು ಮಂಡಿಯಿಂದ ಅಡಿಕೆ ಧಾರಣೆ ಫ್ಯಾಕ್ಸಿನಲ್ಲಿ ಬರುತ್ತಿತ್ತು. ತಂಗಿ ಅದನ್ನು ಪ್ರಿಂಟ್ ತೆಗೆದು ಹೊರಗಿನ ಹಲಗೆಗೆ ಅಂಟಿಸುತ್ತಿದ್ದಳು. ರಾಶಿ ಅಡಿಕೆಗೆ ಎಷ್ಟು, ಬೆಟ್ಟೆ ಅಡಿಕೆಗೆ ಎಷ್ಟು ಎಂದು ನೋಡಲು ಬಂದವರು ಒಂದು ಫೋನೂ ಮಾಡಿ ಹೋಗುತ್ತಿದ್ದರು. ಜನ ಇನ್ನೂ ಬರಲಿ ಎಂದು ನಾನು ಬೆಳಿಗ್ಗೆ ಬಾಗಿಲು ತೆರೆದು, ದೀಪ ಹಚ್ಚಿ, ಕಂಪ್ಯೂಟರಿನಲ್ಲಿ ಹಾಡು ಹಾಕುತ್ತಿದ್ದೆ. ತಾಳಕ್ಕೆ ತಕ್ಕ ಹಾಗೆ ಪರದೆಯ ಮೇಲೆ ಬಣ್ಣದ ಗೆರೆಗಳು ಕುಣಿಯುತ್ತಿದ್ದವು. ಬಸ್ಸಿಗೆ ಕಾಯುವವರು ಅದನ್ನು ನೋಡಲೆಂದೇ ಒಳಗೆ ಬರುತ್ತಿದ್ದರು.

"ಅಣ್ಣ, ಹತ್ತು ಗಂಟೆ ಹೊತ್ತಿಗೆ ಹಾಡು ನಿಲ್ಸು ಮಾರಾಯ. ಫ್ಯಾಕ್ಸ್ ಹಾಳಾಗ್ತದೆ" ಎಂದಳು ಒಂದು ದಿನ.

"ಹಾಡಿಗೂ ಫ್ಯಾಕ್ಸಿಗೂ ಎಂತ ಸಂಬಂಧ? ಅದು ಸ್ಪೀಕರಲ್ಲಿ, ಇದು ಫೋನಲ್ಲಿ."

"ತಂತಿ ಬೇರೆ, ತಲೆ ಒಂದೇ. ಈ ಕಾರ್ಡ್ ಅಗ್ಗದ್ದು. ಇದಕ್ಕೆ ಬರೀ ಕಿವಿ, ಬಾಯಿ. ಬಂದಿದ್ದು ಮಾತಾ ಫ್ಯಾಕ್ಸಾ ಅಂತ ಯೋಚ್ನೆ ಮಾಡಕ್ಕೆ ಕಂಪ್ಯೂಟರಿನ ತಲೇನೇ ಬೇಕು. ನಿನ್ನ ಹಾಡು, ಆ ಕುಣಿಯೋ ಗೆರೆ ಎಲ್ಲ ಸೇರಿ ಆ ತಲೆ ತಿಂತಾವೆ. ಆಗ ಫ್ಯಾಕ್ಸಿನ ಪೀಂ ಅನ್ನೋ ಸದ್ದು ಅದಕ್ಕೆ ತಿಳಿಯೋದೇ ಇಲ್ಲ. ಯಾರೋ ಮಾತಾಡ್ತಿದಾರೆ ಅಂದ್ಕಂಡು ರೆಕಾರ್ಡ್ ಮಾಡ್ತಾ ಕೂರ್ತದೆ."

"ನೀ ರೇಡಿಯೋ ಕೇಳ್ತಾ ಅನ್ನ ಸೀಸಿದ ಹಂಗೆ ಅನ್ನು."

"ಹೂಂ, ಹಂಗೇ. ಈಗ್ಲಾದ್ರೂ ನಿಲ್ಸು."

ನಾನು ನಿಲ್ಲಿಸಲಿಲ್ಲ. ಅಂಗಡಿಯಲ್ಲಿ ಸದ್ದಿರಬಾರದು ಎಂದು ಇವಳಿಗೆ ಯಾಕಿಷ್ಟು ಆಸೆ, ಅದೂ ಹತ್ತು ಗಂಟೆಗೇ ಯಾಕೆ ಎಂಬ ಯೋಚನೆ ಮೊದಲು ಹೊಕ್ಕಿದ್ದು ಆವತ್ತೇ.

ಹಿಡಿದಿಟ್ಟ ಮಾತನ್ನು ಕೇಳುವುದು ಹೇಗೆಂದು ನನಗೂ ಅವಳೇ ತೋರಿಸಿಕೊಟ್ಟಿದ್ದಳು. ಅವಳು ಊಟಕ್ಕೆ ಮನೆಗೆ ಹೋದಾಗ ಒಂದೊಂದಾಗಿ ಕೇಳಿದೆ. ಮೊದಲಿಗೆ ಅವಳದೇ ದನಿ, "ನಮಸ್ಕಾರ, ಪೀಂ ಅಂದ ಮೇಲೆ ಮಾತಾಡಿ" ಎನ್ನುವುದು. ಅದು ತುಂಡು ತುಂಡಾಗಿ, ಬಿಕ್ಕಿದ ಹಾಗೆ ಕೇಳುತ್ತಿತ್ತು. ಆಮೇಲೆ ಬಿಟ್ಟು ಬಿಟ್ಟು ಒಂದು ಸಣ್ಣ ಕೂಗು. ಅದು ಮುಗಿದ ಮೇಲೆ ಒಬ್ಬ ಗಂಡಸಿನ ದನಿ. "ಹಲೋ... ಹಲೋ... ಇದೀಯೇನಮ್ಮ?" ಅಷ್ಟೇ. ಮಾರನೆಯ ದಿನವೂ ಅದೇ ಹತ್ತು ಗಂಟೆಯ ಹೊತ್ತಿಗೆ ಅದೇ ಕೂಗು, ಅದೇ ದನಿ. ಕೂಗು ಸನ್ನೆ ಎಂದುಕೊಂಡೆ. ಅಣ್ಣ ಕೂತಿದ್ದಾನೋ ಇಲ್ಲವೋ ಎಂದು ತಿಳಿಯಲು ಹಲೋ ಅನ್ನುತ್ತಾನೆ ಎಂದುಕೊಂಡೆ.

ಆ ಹಲೋ ಬಂದ ಸ್ವಲ್ಪ ಹೊತ್ತಿಗೆ ದಿನಾ ತಂಗಿ ಹಾಡು ನಿಲ್ಲಿಸಿ, ಬೂತಿನ ಫೋನಿಂದ ಸಾಗರಕ್ಕೆ ಫೋನ್ ಮಾಡುತ್ತಿದ್ದಳು. "ಇನ್ನೊಂದ್ ಸಲ ಕಳಿಸ್ತೀರಾ?" ಎನ್ನುತ್ತಿದ್ದಳು ಮೆಲ್ಲಗೆ. ಒಮ್ಮೆ ನಕ್ಕಿದ್ದೂ ಉಂಟು. ಯಾರಿಗೆ ಎಂದರೆ "ಮಂಡಿಯೋರಿಗೆ" ಎಂದಳು. ಫ್ಯಾಕ್ಸ್ ಬಂತು, ಹಲಗೆಗೂ ಅಂಟಿತು. ನನ್ನ ಕಣ್ಣಿಗೆ ಆ ಹಾಳೆಯೂ ನೆಪವಾಗಿ ಕಂಡಿತು. ಹಾಡಿನ ಸದ್ದು ಇನ್ನಷ್ಟು ಏರಿಸಿದೆ. ಹಲೋಗಳು ಇನ್ನಷ್ಟು ಬಂದವು.

ನಾನು ಅವಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಇವಳಿಗೆ ದಿನಾ ಯಾರೋ ಗಂಡಸಿನ ಫೋನ್ ಬರುತ್ತದೆ ಎಂದು ನೇರ ಅಮ್ಮನಿಗೆ ಹೇಳಿದೆ.

"ಹೌದಾ? ನಿನ್ನ ಕಿವೀಲೇ ಕೇಳಿದ್ಯಾ?" ಎಂದಳು ಅಮ್ಮ.

"ದಿನಾ ಕೇಳ್ತಿದೀನಿ. ಸಾಗರದೋನು."

ಮಾರನೆಯ ದಿನದಿಂದ ತಂಗಿ ಬೂತಿಗೆ ಬರುವುದು ನಿಂತಿತು. ಅವಳು ಅಳಲಿಲ್ಲ. "ಆ ದನಿ ಯಾರದ್ದು ಅಂತ ಮಂಡಿ ನಂಬರಿಗೆ ಫೋನ್ ಮಾಡಿ ಕೇಳು ಅಣ್ಣ" ಎಂದಳು. ಧೈರ್ಯ ನೋಡು ಇವಳದ್ದು ಎಂದುಕೊಂಡೆ.

ಅವಳಿಲ್ಲದ ಮೊದಲ ದಿನ ಹತ್ತಕ್ಕೆ ಮತ್ತೆ ಅದೇ ಹಲೋ ಬಂತು. ಸ್ವಲ್ಪ ಹೊತ್ತಿಗೆ ಬೂತಿನ ಫೋನ್ ರಿಂಗಾಯಿತು. ಎತ್ತಿದರೆ ಅದೇ ದನಿ, ಹತ್ತಿರದಿಂದ ಕೇಳಿದಾಗ ವಯಸ್ಸಾದದ್ದು.

"ಎಂತದ್ರೀ ನಿಮ್ಮ ಫ್ಯಾಕ್ಸು? ನಮ್ ಮಿಷನ್ ಪೀಂ ಪೀಂ ಅಂತ ಬಡ್ಕಂತದೆ, ನಿಮ್ಮದು ಹುಡುಗಿ ದನೀಲಿ ಬಿಕ್ಕುತ್ತೆ. ಸಾಕಾಗಿ ರಿಸೀವರ್ ಎತ್ತಿ ಹಲೋ ಅಂದ್ರೂ ಯಾರೂ ಇಲ್ಲ. ದಿನಾ ಆ ಮಗು ಫೋನ್ ಮಾಡಿ ಮತ್ತೆ ಕಳಿಸಿ ಅಂತಿತ್ತು, ಇವತ್ತೆಲ್ಲಿ ಅದು? ಹುಷಾರಿಲ್ವ?"

ಹೂಂ ಎಂದೆ. ಹಾಡು ನಿಲ್ಲಿಸಿದೆ. ಮುದುಕ ಮತ್ತೆ ಕಳಿಸಿದ. ಕಂಪ್ಯೂಟರ್ ಫೋನೆತ್ತಿತು, ಪೀಂ ಅನ್ನುವುದನ್ನು ಕೇಳಿಸಿಕೊಂಡಿತು, ತಾನೂ ಕಿರುಚಿ ಉತ್ತರ ಕೊಟ್ಟಿತು. ಧಾರಣೆಯ ಹಾಳೆ ಕೊನೆಯ ಸಾಲಿನವರೆಗೂ ಬಂತು. ತಂಗಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು.

ಆ ದಿನ ಮಧ್ಯಾಹ್ನ ಇನ್ನೊಂದು ಮಾತು ಕಂಪ್ಯೂಟರಿನಲ್ಲಿ ಉಳಿದಿತ್ತು. ತಂಗಿಯದು, ಪಕ್ಕದ ಮನೆಯ ಫೋನಿಂದ. "ಅಣ್ಣ, ನಮಸ್ಕಾರ ಅನ್ನೋ ನನ್ನ ದನಿ ಈಗ ತುಂಡಾಗ್ತಿಲ್ಲ. ಹಾಡು ನಿಲ್ಸಿದೀಯ ಅಂದ್ರೆ ನಿಂಗೆ ಗೊತ್ತಾಗಿದೆ. ಸಂಜೆ ಬಂದು ಅಮ್ಮಂಗೆ ಹೇಳು."

ಪೂರ್ತಿ ಕೇಳಿದೆ. ಕೇಳಿ ಅಳಿಸಿದೆ.

ಸಂಜೆ ಅವಳೇ ಚಾ ತಂದು ಕೊಟ್ಟು ಅಲ್ಲೇ ನಿಂತಳು. ನಾನು ಕುಡಿದು ಲೋಟ ಕೆಳಗಿಟ್ಟೆ. ಅಮ್ಮನ ಎದುರು ನನ್ನ ಬಾಯಿ ಏಳಲಿಲ್ಲ. ಆಮೇಲೆ ನಾನು ಬೆಳಿಗ್ಗೆ ಹಾಡು ಹಾಕಲಿಲ್ಲ, ಆ ಹಲೋಗಳೂ ಬರಲಿಲ್ಲ. ಅದನ್ನು ಕೇಳಿ ಅಮ್ಮ, "ನೋಡು, ಅವಳನ್ನ ಮನೇಲಿ ಕೂರ್ಸಿದ್ದೇ ಫೋನೂ ನಿಂತ್ವು" ಎಂದಳು. ಮುಂದಿನ ಬೇಸಿಗೆಗೆ ಅವಳನ್ನು ತೀರ್ಥಹಳ್ಳಿಗೆ ಕೊಟ್ಟೆವು. ಗಂಡ ಒಳ್ಳೆಯವನು. ಆದರೆ ಅವಳು ಮತ್ತೆ ಕಂಪ್ಯೂಟರಿನ ಎದುರು ಕೂರಲಿಲ್ಲ. ಅವರ ಅಂಗಡಿಯಲ್ಲಿ ಒಂದಿದೆ, ಅದರ ಧೂಳನ್ನಷ್ಟೇ ಒರೆಸುತ್ತಾಳೆ.

ಈಗ ಧಾರಣೆ ಎಲ್ಲರ ಮೊಬೈಲಿಗೇ ಬರುತ್ತದೆ. ಅಮ್ಮ ತೀರಿಕೊಂಡು ವರ್ಷಗಳಾದವು. ಕಳೆದ ತಿಂಗಳು ತೀರ್ಥಹಳ್ಳಿಗೆ ಹೋದಾಗ, ತಂಗಿ ಹಿತ್ತಲ ಕಟ್ಟೆಯ ಮೇಲೆ ಕೂತು ಕೆಸುವಿನ ದಂಟು ಸಿಪ್ಪೆ ತೆಗೆಯುತ್ತಿದ್ದಳು. ಮಂಡಿಯ ಮುದುಕನ ಫೋನಿನ ವಿಷಯ ಹೇಳಿಬಿಟ್ಟೆ. ನನ್ನದೇ ತಪ್ಪು, ಆವತ್ತೇ ಗೊತ್ತಾಗಿತ್ತು ಎಂದೆ.

ಅವಳು ತಲೆ ಎತ್ತಲಿಲ್ಲ. "ಆವತ್ತು ಮಧ್ಯಾಹ್ನ ನಾನೊಂದು ಮಾತು ಹೇಳಿಟ್ಟಿದ್ದೆ ಅಲ್ಲಿ. ಕೇಳಿದ್ಯಾ?"

ಇಷ್ಟು ಹೇಳಿಕೊಂಡವನಿಗೆ ಅದೊಂದು ಬಾಯಿಗೆ ಬರಲಿಲ್ಲ. "ಇಲ್ಲ ಮಾರಾಯ್ತಿ" ಎಂದೆ. "ಆ ಕಾರ್ಡು ನಿಂಗೆ ಗೊತ್ತಲ್ಲ. ಹಿಡಿದಿರ್ಲಿಕ್ಕಿಲ್ಲ."

ತಂಗಿ ಇನ್ನೊಂದು ದಂಟು ಎತ್ತಿಕೊಂಡಳು. ಉಗುರಿನಿಂದ ನಾರು ಕಿತ್ತಳು.

"ಆಗ ಹಾಡು ಇರ್ಲಿಲ್ವಲ್ಲ ಅಣ್ಣ" ಎಂದಳು.