ವ್ಯಾನಿನಲ್ಲಿ ಹಾಲು ಉಕ್ಕಿಸಿದ್ದು

ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಇರುವ ವ್ಯಾನೊಂದನ್ನು ಆಂಡರ್ಸನ್‌ಪೇಟೆಯಲ್ಲಿ ಕೊಂಡೆ. ಮನೆಯೆಂದ ಮೇಲೆ ಹಾಲು ಉಕ್ಕಿಸದೆ ಹೊರಡುವಂತಿಲ್ಲ ಎಂದು ಹೆಂಡತಿ ತೀರ್ಪಿತ್ತಳು. ಅದರ ಗ್ಯಾಸ್ ಒಲೆಯಲ್ಲೇ ಉಕ್ಕಿಸಿ, ಕೈಮುಗಿದು, ಹಳೆಯ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಧೂಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಬೂದಿಕೋಟೆಯ ದಾರಿ ಹಿಡಿದೆವು.

ಬಂಗಾರಪೇಟೆ ದಾಟುವಾಗ ಹಿಂದೆ ಕೂತಿದ್ದ ಅವಳು, “ರೀ, ಏನೋ ಕೆಟ್ಟ ವಾಸ್ನೆ ಬತ್ತೈತೆ,” ಎಂದಳು.

“ಒಸಾ ಗಾಡಿ ಅಂದ್ಮೇಲೆ ವಾಸ್ನೆ ಇರ್ತೈತೆ ಕಣೇ,” ಎಂದು ಗಂಭೀರವಾಗಿ ಅಪ್ಪಣೆ ಕೊಡಿಸಿದೆ.

“ಅಂಗಾದ್ರೆ ಊದ್ಗಡ್ಡಿ ಅಂಟಿಸ್ತೀನಿ.”

ಉಕ್ಕಿದ ಹಾಲು ಉರಿಯನ್ನು ಆರಿಸಿದ್ದು, ಶುಭವಾಯಿತೆಂಬ ಸಂಭ್ರಮದಲ್ಲಿ ನಾವು ಗ್ಯಾಸ್ ಆಫ್ ಮಾಡದೆ ಹೊರಟದ್ದು ಆಗ ನೆನಪಾಯಿತು.

“ಕಡ್ಡಿ ಗೀರಬ್ಯಾಡ ಕಣೇ!” ಎಂದು ಕಿರುಚಿ ಬ್ರೇಕ್ ತುಳಿದೆ.

ಕಡ್ಡಿ ಅವಳ ಕೈಯಲ್ಲೇ ಉಳಿಯಿತು. ಗ್ಯಾಸ್ ಮುಚ್ಚಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಟ್ಟು, ಸಂಜೆಯವರೆಗೂ ಗೃಹಸ್ಥರಿಬ್ಬರೂ ದೂರದ ಹುಣಸೆ ಮರದ ಕೆಳಗೆ ಕೂತಿದ್ದೆವು.