ಹಾರ್ನ್ ಹೊಡೆಯದ ವ್ಯಾನು

ವ್ಯಾನು ಹಳದಿಯಿತ್ತೋ ಬಿಳಿಯಿತ್ತೋ, ಈಗ ಖಾತ್ರಿಯಿಲ್ಲ; ಆದರೆ ತಂಬ್ರಹಳ್ಳಿಯ ಸರ್ಕಾರಿ ಶಾಲೆಯ ಮುಂದೆ ಅದರ ಡ್ರೈವರ್ ಹಾರ್ನ್ ಹೊಡೆಯುತ್ತಿರಲಿಲ್ಲ. "ಒಳಗ ಪಾಠ ನಡದೈತ್ರಿ" ಎನ್ನುತ್ತಿದ್ದ. ಊರಿನ ಮಕ್ಕಳನ್ನು ಹಗರಿಬೊಮ್ಮನಹಳ್ಳಿಯ ಖಾಸಗಿ ಶಾಲೆಗೆ ಒಯ್ಯುತ್ತಿದ್ದವನೂ ಅವನೇ. ಅವನ ಮಗಳು ಮಾತ್ರ ಈ ಸರ್ಕಾರಿ ಶಾಲೆಯಲ್ಲೇ ಓದುತ್ತಿದ್ದಳು.

"ಎಲ್ಲಾರ ಹುಡುಗ್ರನ್ನ ತುಂಬ್ಕೊಂಡು ಹೊಂಟಿ, ನಿನ್ ಮಗಳೇನ್ ಪಾಪ ಮಾಡ್ಯಾಳಲೇ?" ಎಂದು ಚಹಾದಂಗಡಿಯವನು ಕೆಣಕುತ್ತಿದ್ದ.

"ಆಕಿನೂ ಬಂದ್ರ ಹುಡುಗ್ರಿಲ್ದ ಈ ಸಾಲಿಗೆ ಬೀಗ ಬೀಳತೈತಿ. ಸುಮ್ನಿರಲೇ."

ಒಂದು ಬೇಸಿಗೆಯಲ್ಲಿ ಖಾಸಗಿ ಶಾಲೆಯವರು ಅವನ ಮಗಳಿಗೆ ಫೀಸಿಲ್ಲದೆ ಸೀಟು ಕೊಡುತ್ತೇವೆಂದರು. ಅಂದು ಅವನು ಚಹಾ ಆರಿದರೂ ಲೋಟ ಹಿಡಿದೇ ಕೂತಿದ್ದ. "ಆಕಿ ಇಂಗ್ಲಿಷ್ ಕಲೀಬೇಕಲ್ರಿ" ಎಂದ, ಅದೇ ಅಂಗಡಿಗೆ ಚಹಾ ಕುಡಿಯಲು ಬರುತ್ತಿದ್ದ ನನಗೆ.

ಜೂನ್‌ನಲ್ಲಿ ವ್ಯಾನು ಎದುರಾಯಿತು. ಮೊದಲಿನಂತೆಯೇ ಹಾರ್ನಿಲ್ಲದೆ ಶಾಲೆಯನ್ನು ದಾಟಿತು. ಅವನ ಪಕ್ಕದ ಸೀಟಿನಲ್ಲಿ ಒಬ್ಬ ಹುಡುಗಿಯಿದ್ದಳು. ಅವನ ಮಗಳನ್ನು ನಾನು ಎಂದೂ ನೋಡಿರಲಿಲ್ಲ. ಆಕೆಯೇ ಇರಬಹುದು, ಗೊತ್ತಿಲ್ಲ.